ಟ್ರಂಕಿನಲ್ಲಿರೋ ಎಂಜಿನ್ ಯಾವುದು? ಓದುಗರ ಪ್ರಶ್ನೆ, ನಮ್ಮ ಉತ್ತರ

ಕಲ್ಲಿದ್ದಲು ಹಾಕಿ, ನೀರು ಕಾಯಿಸಿ, ಮೇಲೆ ಕೂತ್ಕೊಂಡು ನಿಜವಾಗ್ಲೂ ಓಡಿಸಬಹುದಾದ ಪುಟ್ಟ ಸ್ಟೀಮ್ ಎಂಜಿನ್‌ಗಳ ಬಗ್ಗೆ ಹೋದ ಸಂಚಿಕೆಯಲ್ಲಿ ಸ್ವಲ್ಪ ಬರೆದಿದ್ವಿ. ಅದಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಕೇಳಿರೋದು ಒಂದೇ, ನಮ್ಮ ಹತ್ರ ಹಳೇ ಡ್ರಾಯಿಂಗ್ ಇದೆ, ಕಾಸ್ಟಿಂಗ್ ಅಂದ್ರೆ ಎರಕ ಹೊಯ್ದ ಭಾಗ ಇದೆ, ಇದರ ಮೂಲ ಯಾವುದು ಅಂತ. ಹಾಗಾಗಿ ಈ ಸಲದ ಪುಟ ಪೂರ್ತಿ ಅದಕ್ಕೇ ಮೀಸಲು.

ಪ್ರಶ್ನೆ: ನಮಸ್ಕಾರ ಸರ್. ನಮ್ಮ ತಾತ ಕೆಜಿಎಫ್ ಗಣಿ ವರ್ಕ್‌ಶಾಪ್‌ನಲ್ಲಿ ಫಿಟ್ಟರ್ ಆಗಿದ್ರು. 1956ರಲ್ಲಿ ಗಣಿ ಸರ್ಕಾರದ ಕೈಗೆ ಬಂದಾಗ ಊರಿಗೆ ಹೊರಟಿದ್ದ ಒಬ್ಬ ಇಂಗ್ಲಿಷ್ ಎಂಜಿನಿಯರ್ ತಾತನಿಗೆ ಒಂದು ಟ್ರಂಕ್ ಕೊಟ್ಟು ಹೋದ್ರಂತೆ. ಅದರಲ್ಲಿ ಕಡ್ಡಿ ಇರೋ ದೊಡ್ಡ ಚಕ್ರ ಆರು, ಸಣ್ಣ ಚಕ್ರ ನಾಲ್ಕು, ಮಧ್ಯಮ ಸೈಜಿಂದು ಆರು, ಎರಡು ಸಿಲಿಂಡರ್ ಕಾಸ್ಟಿಂಗ್, ಹಿತ್ತಾಳೆ ಥರದ ಚಿಲ್ಲರೆ ಸಾಮಾನು, ನಾಲ್ಕು ನೀಲಿ ಡ್ರಾಯಿಂಗ್ ಹಾಳೆ ಇವೆ. ಹೆಸರು ಬರೆದಿರೋ ಮೂಲೆ ಗೆದ್ದಲು ತಿಂದಿದೆ, 3½ ಇಂಚ್ ಗೇಜ್ ಅಂತ ಮಾತ್ರ ಓದಕ್ಕೆ ಬರುತ್ತೆ. ದೊಡ್ಡದರಲ್ಲಿ ಎರಡು, ಸಣ್ಣದರಲ್ಲಿ ಒಂದು ಚಕ್ರ ಲೇತ್‌ನಲ್ಲಿ ಕಡೆದು ಮುಗಿಸಿದ್ದಾರೆ. ದೊಡ್ಡದು ಹಳಿ ಮೇಲೆ ಉರುಳೋ ಜಾಗದಲ್ಲಿ 114 ಮಿ.ಮೀ. ಚಿಲ್ಲರೆ, ಸಣ್ಣದು 62ರಿಂದ 63ರ ಒಳಗೆ ಬರುತ್ತೆ. ಗುಜರಿಯವರು ಕೆಜಿ ಲೆಕ್ಕದಲ್ಲಿ ಕೇಳ್ತಿದ್ದಾರೆ. ಇದು ಯಾವ ಎಂಜಿನ್? ಪೂರ್ತಿ ಮಾಡಬಹುದಾ?
— ಓದುಗರೊಬ್ಬರು, ರಾಬರ್ಟ್‌ಸನ್‌ಪೇಟೆ

ಉತ್ತರ: ದಯವಿಟ್ಟು ಗುಜರಿಗೆ ಹಾಕ್ಬೇಡಿ. ನೀವು ಅಳತೆ ಬರೆದು ಕಳಿಸಿದ್ದು ಬಹಳ ಒಳ್ಳೇದಾಯ್ತು, ಅರ್ಧ ಉತ್ತರ ಅದರಲ್ಲೇ ಇದೆ.

ಮೊದಲು ಚಕ್ರದ ಲೆಕ್ಕ. ಆರು ದೊಡ್ಡದು ಅಂದ್ರೆ ಎಳೆಯೋ ಚಕ್ರ, ನಾಲ್ಕು ಸಣ್ಣದು ಎಂಜಿನ್ನಿನ ಮುಂದಿನ ಬೋಗಿಗೆ (ಇಲ್ಲಿ ಬೋಗಿ ಅಂದ್ರೆ ಪ್ರಯಾಣಿಕರ ಡಬ್ಬಿ ಅಲ್ಲ, ಎಂಜಿನ್ನಿನ ಕೆಳಗೆ ಸಣ್ಣ ಚಕ್ರ ಹೊತ್ತ ಚೌಕಟ್ಟು), ಉಳಿದ ಆರು ಕಲ್ಲಿದ್ದಲು ನೀರು ತುಂಬೋ ಟೆಂಡರ್‌ಗೆ. ರೈಲು ಭಾಷೆಯಲ್ಲಿ ಇದು 4-6-0 ಎಂಜಿನ್, ಅಂದ್ರೆ ಮುಂದೆ ನಾಲ್ಕು, ಎಳೆಯೋದು ಆರು, ಹಿಂದೆ ಸಣ್ಣ ಚಕ್ರ ಇಲ್ಲ. ಇನ್ನು ಗೇಜ್ ಅಂದ್ರೆ ಎರಡು ಹಳಿಗಳ ನಡುವಿನ ಅಂತರ. 3½ ಇಂಚ್ ಗೇಜ್ ಅಂದ್ರೆ ಬ್ರಿಟನ್ನಿನ ಸ್ಟ್ಯಾಂಡರ್ಡ್ ಗೇಜ್, ಅಂದ್ರೆ 4 ಅಡಿ 8½ ಇಂಚನ್ನ ಸುಮಾರು ಹದಿನಾರರಲ್ಲಿ ಒಂದು ಪಾಲು ಮಾಡಿದ್ದು, ಒಂದು ಅಡಿಗೆ ಮುಕ್ಕಾಲು ಇಂಚಿನ ಸ್ಕೇಲು. ಹಾಗಾಗಿ ನಿಮ್ಮ ಚಕ್ರದ ಅಳತೆಯನ್ನ 16ರಿಂದ ಗುಣಿಸಿದ್ರೆ ಅಸಲಿ ಎಂಜಿನ್ನಿನ ಚಕ್ರ ಸಿಗುತ್ತೆ. 114.3 ಮಿ.ಮೀ.ಗೆ ಸರಿಯಾಗಿ 6 ಅಡಿ. ಸಣ್ಣದು 62.7 ಅಂತ ಇಟ್ಕೊಂಡ್ರೆ 3 ಅಡಿ 3½ ಇಂಚು.

ಬ್ರಿಟನ್ನಿನಲ್ಲಿ 6 ಅಡಿ ಚಕ್ರದ 4-6-0 ಅಂದ ತಕ್ಷಣ ನೆನಪಿಗೆ ಬರೋದು ಎರಡು. ಒಂದು ಗ್ರೇಟ್ ವೆಸ್ಟರ್ನ್ ರೈಲ್ವೆಯ ಹಾಲ್ ಕ್ಲಾಸ್, ಇನ್ನೊಂದು ಎಲ್‌ಎಂಎಸ್ ರೈಲ್ವೆಗೆ ಎಂಜಿನಿಯರ್ ಸ್ಟೇನಿಯರ್ ಮಾಡಿದ ಬ್ಲಾಕ್ ಫೈವ್, 1934ರಿಂದ 1951ರವರೆಗೆ 842 ಎಂಜಿನ್ ಕಟ್ಟಿದ್ರು. ಹಾಲ್‌ನ ಬೋಗಿ ಚಕ್ರ 3 ಅಡಿ, ಮಾಡೆಲ್‌ನಲ್ಲಿ 57 ಮಿ.ಮೀ. ಆಸುಪಾಸು ಇರ್ಬೇಕಿತ್ತು. ಬ್ಲಾಕ್ ಫೈವ್‌ನದು 3 ಅಡಿ 3½ ಇಂಚು. ನಿಮ್ಮದು ಬ್ಲಾಕ್ ಫೈವ್ ಕಡೆಗೇ ವಾಲುತ್ತೆ. ಎಲ್‌ಎನ್‌ಇಆರ್ ರೈಲ್ವೆಯ ಬಿ1 ಕೂಡ 4-6-0, ಆದ್ರೆ ಅದರ ಚಕ್ರ 6 ಅಡಿ 2 ಇಂಚು, ಮಾಡೆಲ್‌ನಲ್ಲಿ 117.5 ಮಿ.ಮೀ. ಬರುತ್ತೆ, ಹಾಗಾಗಿ ಅದನ್ನ ಬಿಡಿ.

ಒಂದೇ ಸಾಕ್ಷಿ ನಂಬಿ ತೀರ್ಮಾನ ಬೇಡ, ಇನ್ನೂ ಎರಡು ಕಡೆ ವರ್ನಿಯರ್ (ನಿಖರವಾಗಿ ಅಳೆಯೋ ಉಪಕರಣ) ಇಟ್ಟು ನೋಡಿ. ಟೆಂಡರ್ ಚಕ್ರ ಕಡೆದಿಲ್ಲ ಅಂತ ಕಾಣುತ್ತೆ, ಡ್ರಾಯಿಂಗ್‌ನಲ್ಲಿ ಅದರ ಅಳತೆ ಇದೆಯಾ ಹುಡುಕಿ, 81 ಮಿ.ಮೀ. ಅಥವಾ 3 ಇಂಚು ಮತ್ತು 3/16 ಹತ್ರ ಇದ್ರೆ ಸ್ಟೇನಿಯರ್ ಟೆಂಡರ್, 78.6ರ ಹತ್ರ ಇದ್ರೆ ಗ್ರೇಟ್ ವೆಸ್ಟರ್ನ್. ಆಮೇಲೆ ದೊಡ್ಡ ಚಕ್ರದ ಹೊಟ್ಟೆಯಲ್ಲಿ ಕ್ರ್ಯಾಂಕ್ ಪಿನ್‌ಗೆ, ಅಂದ್ರೆ ಚಕ್ರ ತಿರುಗಿಸೋ ರಾಡು ಕೂರೋ ಗೂಟಕ್ಕೆ, ತೂತು ಹಾಕಿದ್ರೆ ಆಕ್ಸಲ್ ತೂತಿನ ಮಧ್ಯದಿಂದ ಆ ತೂತಿನ ಮಧ್ಯಕ್ಕೆ ಎಷ್ಟು ದೂರ ನೋಡಿ. ಬ್ಲಾಕ್ ಫೈವ್‌ನ ಪಿಸ್ಟನ್ 28 ಇಂಚು ಓಡಾಡುತ್ತೆ, ಹದಿನಾರರಿಂದ ಭಾಗಿಸಿದ್ರೆ 1¾ ಇಂಚು, ಅದರ ಅರ್ಧ 22.2 ಮಿ.ಮೀ. ಹಾಲ್‌ನದು 30 ಇಂಚು, ಅದಕ್ಕೆ 23.8 ಬರುತ್ತೆ. ಒಂದೂವರೆ ಮಿಲಿಮೀಟರ್ ವ್ಯತ್ಯಾಸ, ಆದ್ರೂ ವರ್ನಿಯರ್‌ಗೆ ಸಿಕ್ಕೇ ಸಿಗುತ್ತೆ. ಡ್ರಾಯಿಂಗ್‌ನಲ್ಲಿ ಚಕ್ರದ ಹೊರಗಡೆ ರಾಡು, ಲಿಂಕು ಇರೋ ವಾಲ್ಶರ್ಟ್ಸ್ ವಾಲ್ವ್ ಗೇರ್ (ಸಿಲಿಂಡರಿಗೆ ಹಬೆ ಬಿಡೋದನ್ನ ಹತೋಟಿ ಮಾಡೋ ಏರ್ಪಾಡು) ಕಂಡ್ರೆ ಬ್ಲಾಕ್ ಫೈವ್ ಅನ್ನೋದು ಇನ್ನೂ ಗಟ್ಟಿ ಆಗುತ್ತೆ, ಯಾಕಂದ್ರೆ ಹಾಲ್‌ನದು ಫ್ರೇಮಿನ ಒಳಗೆ ಅಡಗಿರುತ್ತೆ.

ಇಲ್ಲಿಗೆ ಅಸಲಿ ಎಂಜಿನ್ ಯಾವುದು ಅಂತ ಹೆಚ್ಚೂ ಕಡಿಮೆ ಗೊತ್ತಾಯ್ತು, ಆದ್ರೆ ಮಾಡೆಲ್ ಯಾರದ್ದು ಅನ್ನೋದು ಬೇರೆ ಪ್ರಶ್ನೆ, ಜನ ಎಡವೋದು ಇಲ್ಲೇ. ಬ್ರಿಟನ್ನಿನಲ್ಲಿ ಈ ಹವ್ಯಾಸ ಬೆಳೆದಿದ್ದು ಪತ್ರಿಕೆಗಳ ಮೂಲಕ. ಪರ್ಸಿವಲ್ ಮಾರ್ಷಲ್ 1898ರಲ್ಲಿ ಮಾಡೆಲ್ ಎಂಜಿನಿಯರ್ ಅನ್ನೋ ಪತ್ರಿಕೆ ಶುರು ಮಾಡಿದ್ರು. ಅದರಲ್ಲಿ ಒಂದು ಎಂಜಿನ್ನಿನ ಡಿಸೈನು ಧಾರಾವಾಹಿ ಥರ ತಿಂಗಳುಗಟ್ಟಲೆ ಬರೋದು, ಈ ವಾರ ಫ್ರೇಮು, ಮುಂದಿನ ವಾರ ಆಕ್ಸಲ್ ಬಾಕ್ಸು, ಹೀಗೆ, ಜೊತೆಗೆ ಲೇತ್‌ನಲ್ಲಿ ಹೇಗೆ ಹಿಡಿಬೇಕು ಅನ್ನೋದರಿಂದ ಹಿಡಿದು ಎಲ್ಲಾ ವಿವರ. ದೊಡ್ಡ ಡ್ರಾಯಿಂಗ್ ಹಾಳೆ ಬೇಕಾದವರು ಬೇರೆ ದುಡ್ಡು ಕೊಟ್ಟು ತರಿಸ್ಕೋಬೇಕು. ಕಾಸ್ಟಿಂಗ್ ಮಾರ್ತಿದ್ದಿದ್ದು ಇನ್ಯಾರೋ, ಬರ್ಮಿಂಗ್‌ಹ್ಯಾಮ್‌ನ ಎ.ಜೆ. ರೀವ್ಸ್, ಹರ್ಟ್‌ಫರ್ಡ್‌ನ ಕೆನಿಯನ್ ಬ್ರದರ್ಸ್, ಲಂಡನ್ನಿನ ಬಾಂಡ್ಸ್ ಇಂಥ ಅಂಗಡಿಗಳು. ಅವರಿಗೆ ಮರದ ಪ್ಯಾಟರ್ನ್ (ಎರಕದ ಮಣ್ಣಿನಲ್ಲಿ ಒತ್ತಿ ಅಚ್ಚು ಮಾಡೋ ಮಾದರಿ) ಕೆತ್ತಿ ಕೊಡ್ತಿದ್ದವರು, ಎರಕ ಹೊಯ್ತಿದ್ದ ಫೌಂಡ್ರಿಯವರು ಮತ್ತೂ ಬೇರೆ. ಹಾಗಾಗಿ ಒಂದೇ ಟ್ರಂಕಿನಲ್ಲಿ ಇದೆ ಅಂದ ಮಾತ್ರಕ್ಕೆ ಡ್ರಾಯಿಂಗು, ಕಾಸ್ಟಿಂಗು ಒಂದೇ ಕಡೆಯಿಂದ ಬಂದಿವೆ ಅಂತ ಅಂದ್ಕೋಬೇಡಿ, ಡಿಸೈನ್ ಒಬ್ಬರದು, ಪ್ಯಾಟರ್ನ್ ಇನ್ನೊಬ್ಬರದು, ಮಧ್ಯೆ ಹಳೇ ಮಾಲೀಕ ತನ್ನ ಇಷ್ಟಕ್ಕೆ ಬದಲಾಯಿಸಿದ್ದು ಬೇರೆ ಇರುತ್ತೆ.

3½ ಇಂಚ್ ಗೇಜಿನ ಬ್ಲಾಕ್ ಫೈವ್ ಅಂದ್ರೆ ಎಲ್‌ಬಿಎಸ್‌ಸಿ ಅನ್ನೋ ಹೆಸರಲ್ಲಿ ಬರೀತಿದ್ದವರ ಡೋರಿಸ್ ಅನ್ನೋ ಡಿಸೈನ್ ಪ್ರಸಿದ್ಧ, 1956ಕ್ಕಿಂತ ಮುಂಚಿನದೇ. ನಿಮ್ಮ ಟ್ರಂಕಿನ ಕಥೆಗೆ ಇದು ಹೊಂದುತ್ತೆ. ಎಲ್‌ಬಿಎಸ್‌ಸಿ ಅನ್ನೋದು ಲಂಡನ್, ಬ್ರೈಟನ್ ಅಂಡ್ ಸೌತ್ ಕೋಸ್ಟ್ ರೈಲ್ವೆಯ ಮೊದಲಕ್ಷರಗಳು. ಆ ಮನುಷ್ಯನಿಗೆ ಎಲ್ಲರೂ ಕರ್ಲಿ ಲಾರೆನ್ಸ್ ಅಂತಿದ್ರು, 1967ರಲ್ಲಿ ತೀರಿಕೊಂಡ್ರು. 1920ರ ದಶಕದಲ್ಲಿ ಪುಟ್ಟ ಎಂಜಿನ್ ಅಂದ್ರೆ ಸ್ಪಿರಿಟ್ ದೀಪ ಹಚ್ಚಿ ನೀರಿನ ಕೊಳವೆ ಬಾಯ್ಲರ್‌ನಲ್ಲಿ ಓಡಿಸೋದು ಅನ್ನೋ ನಂಬಿಕೆ ಗಟ್ಟಿಯಾಗಿತ್ತು, ಇವರು ಆಯೇಷಾ ಅನ್ನೋ 2½ ಇಂಚ್ ಗೇಜಿನ ಎಂಜಿನ್ ಕಟ್ಟಿ, ಅಸಲಿ ಎಂಜಿನ್ನಿನ ಥರಾನೇ ಬೆಂಕಿ ಕೊಳವೆ ಬಾಯ್ಲರು, ಕಲ್ಲಿದ್ದಲು ಇಟ್ಟು, ಹಿಂದೆ ಮನುಷ್ಯರನ್ನ ಕೂರಿಸಿ ಎಳೆದು ತೋರಿಸಿದ್ರು. ಆ ವಾದಕ್ಕೆ ಬಾಯ್ಲರ್ ಯುದ್ಧ ಅಂತಾನೇ ಹೆಸರು ಬಿತ್ತು. ಮನೆ ಹಿಂದಿನ ಶೆಡ್‌ನಲ್ಲಿ ಸಣ್ಣ ಲೇತ್ ಇಟ್ಕೊಂಡ ಸಾಮಾನ್ಯ ಕೆಲಸಗಾರ ಕೂಡ ಓಡೋ ಎಂಜಿನ್ ಕಟ್ಟಬಹುದು ಅಂತ ಧೈರ್ಯ ಕೊಟ್ಟವರು ಅವರು, ನನಗೆ ಅವರ ಮೇಲೆ ಅಪಾರ ಗೌರವ.

ಈಗ ನೀವು ಮಾಡ್ಬೇಕಾದ ಕೆಲಸ. ಕಾಸ್ಟಿಂಗ್‌ಗಳನ್ನ ವೈರ್ ಬ್ರಶ್ ಹಾಕಿ ಉಜ್ಜಬೇಡಿ, ಆಸಿಡ್ ಅಂತೂ ಬೇಡ್ವೇ ಬೇಡ. ಚಕ್ರದ ಹಿಂಭಾಗ, ಸಿಲಿಂಡರಿನ ಒಳಮೈ ಇಂಥ ಕಡೆ ಪ್ಯಾಟರ್ನ್ ನಂಬರು, ಅಂಗಡಿಯ ಗುರುತು ಉಬ್ಬಿದ ಅಕ್ಷರದಲ್ಲಿ ಇರಬಹುದು, ಅದು ಸವೆದು ಹೋಗುತ್ತೆ. ಒಣ ಬಟ್ಟೆಯಲ್ಲಿ ಒರೆಸಿ, ಸೀಮೆಸುಣ್ಣ ಅಡ್ಡಡ್ಡ ಉಜ್ಜಿ, ಕತ್ತಲೆ ಕೋಣೆಯಲ್ಲಿ ಟಾರ್ಚನ್ನ ಪಕ್ಕದಿಂದ ಹಿಡಿದು ಫೋಟೋ ತೆಗೀರಿ, ಕಣ್ಣಿಗೆ ಕಾಣದ ಅಕ್ಷರ ಫೋಟೋದಲ್ಲಿ ಎದ್ದು ಕಾಣುತ್ತೆ. ಟ್ರಂಕಿನ ತಳದಲ್ಲಿ ಕಾಸ್ಟಿಂಗ್ ಸುತ್ತಿದ್ದ ಹಳೇ ನ್ಯೂಸ್‌ಪೇಪರ್ ಇದ್ರೆ ಅದನ್ನೂ ಎಸೀಬೇಡಿ, ತಾರೀಖು ಇದ್ರೆ ಅದೇ ದೊಡ್ಡ ಸಾಕ್ಷಿ. ಚೀಟಿ, ಬಿಲ್ಲು ಇದ್ರೆ ಬೆಲೆ ನೋಡಿ. ಶಿಲ್ಲಿಂಗ್, ಪೆನ್ಸ್ ಲೆಕ್ಕ ಇದ್ರೆ 1971ರ ಫೆಬ್ರವರಿಗಿಂತ ಮುಂಚಿಂದು. ನೀಲಿ ಹಾಳೆ ಮೇಲೆ ಬಿಳಿ ಗೆರೆ ಇದ್ರೆ ಹಳೇ ಕಾಲದ ಬ್ಲೂಪ್ರಿಂಟ್, ಬಿಳಿ ಹಾಳೆ ಮೇಲೆ ನೀಲಿ ಅಥವಾ ಕಂದು ಗೆರೆ ಇದ್ರೆ ಸಾಮಾನ್ಯವಾಗಿ ಆಮೇಲಿನ ಕಾಲದ್ದು. ಹಾಳೆಯಲ್ಲಿ ಎಲ್ಲಾದ್ರೂ ಎಲ್.ಒ. ಅಂತ ಶುರುವಾಗೋ ನಂಬರ್ ಉಳಿದಿದ್ರೆ ಅದು ಮಾಡೆಲ್ ಎಂಜಿನಿಯರ್ ಪತ್ರಿಕೆಯ ಪ್ಲಾನ್ ವಿಭಾಗದ್ದು.

ಇನ್ನೊಂದು ಗುರುತು ಮರೀಬೇಡಿ. ಟ್ಯಾಪ್ ಹೊಡೆದ ತೂತು ಇದ್ರೆ ಅದರ ಥ್ರೆಡ್ ನೋಡಿ. ಬ್ರಿಟಿಷ್ ಮಾಡೆಲ್‌ನವರು ಬಿಎ ಅನ್ನೋ ಬ್ರಿಟಿಷ್ ಅಳತೆಯ ಸಣ್ಣ ಸ್ಕ್ರೂ ಥ್ರೆಡ್ ಬಳಸ್ತಿದ್ರು, 6 ಬಿಎ ಅಂದ್ರೆ 2.8 ಮಿ.ಮೀ., 4 ಬಿಎ 3.6 ಮಿ.ಮೀ. ಪೈಪು, ಬಾಯ್ಲರ್ ಫಿಟಿಂಗ್‌ಗೆ ಇಂಚಿಗೆ 40 ಅಥವಾ 32 ಸುತ್ತಿನ ಸಣ್ಣ ಥ್ರೆಡ್. ನಮ್ಮ ಎಂ3 ಸ್ಕ್ರೂ ಇಂಥ ತೂತಿಗೆ ಸರಿಯಾಗಿ ಹೊಂದಲ್ಲ, ಬಲವಂತ ಮಾಡಿದ್ರೆ ತೂತು ಹಾಳು.

ಪೂರ್ತಿ ಮಾಡಬಹುದಾ ಅಂದ್ರೆ ಖಂಡಿತ ಮಾಡಬಹುದು. ಆದ್ರೆ ನಾಲ್ಕೇ ಹಾಳೆ ಇದೆ ಅಂದ್ರೆ ಸೆಟ್ ಪೂರ್ತಿ ಇಲ್ಲ ಅಂತ ಲೆಕ್ಕ. ಮೂಲ ಗೊತ್ತಾದ ಮೇಲೆ ಆ ಡಿಸೈನಿನ ಪೂರ್ತಿ ಸೆಟ್ಟನ್ನೂ, ಅದರ ಜೊತೆ ಬಂದ ಬರಹವನ್ನೂ ತರಿಸ್ಕೊಳಿ. ಬರಹ ಇಲ್ಲದೆ ಬರೀ ಡ್ರಾಯಿಂಗ್ ಇಟ್ಕೊಂಡು ಹೊರಟವರು ಮಧ್ಯದಲ್ಲಿ ಕೈ ಬಿಟ್ಟಿದ್ದನ್ನ ಬಹಳ ನೋಡಿದ್ದೀನಿ. ಅಲ್ಲಿವರೆಗೂ ಒಂದು ಕಾಸ್ಟಿಂಗ್ ಕೂಡ ಲೇತ್‌ಗೆ ಏರಿಸಬೇಡಿ. ತಾತನ ಹೆಸರು, ಟ್ರಂಕ್ ಬಂದ ಕಥೆ, ಗೊತ್ತಿದ್ರೆ ಆ ಎಂಜಿನಿಯರ್ ಹೆಸರು, ಇಷ್ಟನ್ನ ಒಂದು ಹಾಳೆಯಲ್ಲಿ ಬರೆದು ಟ್ರಂಕಿನಲ್ಲೇ ಇಡಿ.

ಪ್ರಶ್ನೆ: ನಾನು ಹಾಸನದವನು, ಈಗ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಇದೀನಿ. ಇಲ್ಲಿ ಒಂದು ಮನೆ ಖಾಲಿ ಮಾಡೋ ಸೇಲ್‌ನಲ್ಲಿ ಅರ್ಧ ಕಟ್ಟಿದ ಟಿಚ್ ಎಂಜಿನ್ ತಗೊಂಡೆ. ಡ್ರಾಯಿಂಗ್ ಜೊತೆಗೇ ಕೊಟ್ರು, ಆದ್ರೆ ಬಾಯ್ಲರ್ ಅಳತೆ ಡ್ರಾಯಿಂಗ್‌ಗೆ ಹೊಂದ್ತಾನೇ ಇಲ್ಲ. ಮೋಸ ಹೋದ್ನಾ?

ಉತ್ತರ: ಮೋಸ ಅಂತ ಈಗಲೇ ಅಂದ್ಕೋಬೇಡಿ. ಟಿಚ್ ಕೂಡ ಎಲ್‌ಬಿಎಸ್‌ಸಿ ಅವರದ್ದೇ, 3½ ಇಂಚ್ ಗೇಜು, ನಾಲ್ಕೇ ಚಕ್ರದ ಪುಟ್ಟ ಟ್ಯಾಂಕ್ ಎಂಜಿನ್, ಹೊಸಬರು ಕಲೀಲಿ ಅಂತ ಮಾಡಿದ್ದು. ಅದಕ್ಕೆ ಅವರು ಸಣ್ಣ ಬಾಯ್ಲರ್, ದೊಡ್ಡ ಬಾಯ್ಲರ್ ಅಂತ ಎರಡು ಬಗೆ ಕೊಟ್ಟಿದ್ರು. ಬಹುಶಃ ನಿಮ್ಮ ಹತ್ರ ಒಂದರ ಡ್ರಾಯಿಂಗು ಇನ್ನೊಂದರ ಬಾಯ್ಲರು ಸೇರ್ಕೊಂಡಿದೆ, ಇಂಥದ್ದು ತುಂಬಾ ಆಗುತ್ತೆ, ಯಾಕಂದ್ರೆ ಅರ್ಧ ಆದ ಎಂಜಿನ್ ಕೈಯಿಂದ ಕೈಗೆ ಹೋಗುವಾಗ ಹಾಳೆ ಒಬ್ಬರ ಹತ್ರ ಉಳಿಯುತ್ತೆ ಸಾಮಾನು ಇನ್ನೊಬ್ಬರ ಹತ್ರ ಹೋಗುತ್ತೆ, ತಗೊಂಡವರು ಬೇರೆ ಕಡೆಯಿಂದ ಹಾಳೆ ಹೊಂದಿಸ್ತಾರೆ. ಎರಡೂ ಬಗೆಯ ಡ್ರಾಯಿಂಗ್ ತರಿಸಿ ಬಾಯ್ಲರ್ ಬ್ಯಾರೆಲ್‌ನ ಅಡ್ಡಳತೆ, ಫೈರ್‌ಬಾಕ್ಸ್ ಉದ್ದ, ಟ್ಯೂಬ್ ಎಷ್ಟು ಅನ್ನೋದನ್ನ ಹೋಲಿಸಿ.

ಅದಕ್ಕಿಂತ ಮುಖ್ಯ, ಆ ಬಾಯ್ಲರ್ ಯಾರು ಬೆಸೆದಿದ್ದು, ಟೆಸ್ಟ್ ಸರ್ಟಿಫಿಕೇಟ್ ಇದೆಯಾ ಅಂತ ಕೊಟ್ಟವರನ್ನ ಇವತ್ತೇ ಕೇಳಿ, ಮನೆ ಖಾಲಿ ಆದ್ಮೇಲೆ ಕಾಗದಪತ್ರ ಸಿಗಲ್ಲ. ಅಲ್ಲಿ ಕ್ಲಬ್‌ಗಳಲ್ಲಿ ಬಾಯ್ಲರ್ ಇನ್‌ಸ್ಪೆಕ್ಟರ್ ಇರ್ತಾರೆ, ಹೊಸ ಬಾಯ್ಲರ್‌ಗೆ ಕೆಲಸದ ಒತ್ತಡದ ಎರಡರಷ್ಟು ನೀರಿನ ಒತ್ತಡ ಕೊಟ್ಟು ನೋಡ್ತಾರೆ, ಅಂದ್ರೆ 80 ಪೌಂಡ್‌ಗೆ 160. ಆಮೇಲಿನ ವರ್ಷಗಳಲ್ಲಿ ಒಂದೂವರೆ ಪಟ್ಟು. ಅವರು ಒಪ್ಪೋ ತನಕ ಅದಕ್ಕೆ ಬೆಂಕಿ ಹಾಕ್ಬೇಡಿ, ಎಷ್ಟೇ ಚೆಂದ ಕಂಡ್ರೂ ಸರಿ.

ಮತ್ತೆ ಪತ್ರಿಕೆಯಲ್ಲಿ ಬಂದ ಡಿಸೈನ್‌ಗಳಲ್ಲಿ ತಪ್ಪು ಅಳತೆ ಇರೋದುಂಟು, ತಿದ್ದುಪಡಿ ಮುಂದಿನ ಸಂಚಿಕೆಗಳ ಓದುಗರ ಪತ್ರದಲ್ಲಿ ಬಂದಿರುತ್ತೆ, ಹಾಳೆಯಲ್ಲಿ ತಿದ್ದಿರಲ್ಲ. ನಿಮ್ಮ ಹಾಳೆಯ ಅಂಚಿನಲ್ಲಿ ಹಳೇ ಮಾಲೀಕರು ಪೆನ್ಸಿಲ್‌ನಲ್ಲಿ ಏನಾದ್ರೂ ಬರೆದಿದ್ರೆ ಅಳಿಸಬೇಡಿ, ಅದು ಅನುಭವದ ಮಾತು.

ಪ್ರಶ್ನೆ: ಸರ್, ನಾವು ಬೆಳಗಾವಿ ಉದ್ಯಮಬಾಗದಾಗ ಫೌಂಡ್ರಿ ಕೆಲಸ ಮಾಡ್ತೀವ್ರಿ. ಒಬ್ರು ಗಿರಾಕಿ ಸಣ್ಣ ರೈಲ್ ಎಂಜಿನ್ ಚಕ್ರ ಒಂದು ತಂದು ಇದರಂಗ ಆರು ಹೊಯ್ದು ಕೊಡ್ರಿ ಅಂತಾರ. ಅದನ್ನ ಪ್ಯಾಟರ್ನ್ ಅಂತ ಮಣ್ಣಾಗ ಒತ್ತಿದ್ರ ನಡೀತದೇನ್ರಿ? ಮತ್ತ ಹಕ್ಕಿನ ತಕರಾರ ಏನರ ಬರ್ತದೇನು?

ಉತ್ತರ: ನಿಮಗೆ ಎರಕದ ಬಗ್ಗೆ ನಾನು ಹೇಳೋದೇನಿಲ್ಲ, ಬೀಡು ಕಬ್ಬಿಣ ಆರುವಾಗ ಸುಮಾರು ನೂರಕ್ಕೆ ಒಂದು ಪಾಲು ಕುಗ್ಗೋದು ನಿಮಗೆ ಗೊತ್ತೇ ಇದೆ. ಮೂಲ ಪ್ಯಾಟರ್ನ್ ಮಾಡಿದವರು ಆ ಕುಗ್ಗೋದನ್ನ ಲೆಕ್ಕ ಹಾಕಿ ಮರವನ್ನ ದೊಡ್ಡದಾಗಿ ಕೆತ್ತಿರ್ತಾರೆ. ಅದರಿಂದ ಬಂದ ಎರಕವನ್ನೇ ಮತ್ತೆ ಪ್ಯಾಟರ್ನ್ ಮಾಡಿದ್ರೆ ಎರಡನೇ ಸಲ ಕುಗ್ಗುತ್ತೆ, 114 ಮಿ.ಮೀ. ಚಕ್ರದಲ್ಲಿ ಒಂದು ಮಿ.ಮೀ.ಗಿಂತ ಜಾಸ್ತಿ ಹೋಯ್ತು. ಗಿರಾಕಿ ತಂದಿರೋದು ಲೇತ್‌ನಲ್ಲಿ ಕಡೆದು ಮುಗಿಸಿದ ಚಕ್ರ ಆದ್ರೆ ಇನ್ನೂ ಕಷ್ಟ, ಕಡೆಯೋಕೆ ಬಿಡ್ಬೇಕಾದ ಎರಡು ಮೂರು ಮಿ.ಮೀ. ಕೂಡ ಇರಲ್ಲ. ಗನ್‌ಮೆಟಲ್ (ತಾಮ್ರದ ಮಿಶ್ರಲೋಹ) ಸಿಲಿಂಡರ್ ಅಂದ್ರೆ ಕುಗ್ಗೋದು ಇನ್ನೂ ಹೆಚ್ಚು, ನೂರಕ್ಕೆ ಒಂದೂವರೆ ಹತ್ರ.

ಹಳೇ ಕಾಸ್ಟಿಂಗ್ ಅಸಲಿಯಾ ನಕಲಾ ಅಂತ ಪತ್ತೆ ಮಾಡೋಕೂ ಇದೇ ಕುಗ್ಗೋ ಗುಣ ಉಪಯೋಗಕ್ಕೆ ಬರುತ್ತೆ. ನಕಲಿನ ಮೇಲೆ ನಕಲು ಆದ ಎರಕದಲ್ಲಿ ಅಕ್ಷರ ಮಸುಕಾಗಿರುತ್ತೆ, ಕಡ್ಡಿಯ ಅಂಚು ದುಂಡಗಾಗಿರುತ್ತೆ, ಅಡ್ಡಳತೆ ಡ್ರಾಯಿಂಗಿಗಿಂತ ಕಡಿಮೆ ಬರುತ್ತೆ. ಇದನ್ನ ಓದ್ತಿರೋ ಬೇರೆಯವರೂ ಗಮನಿಸಿ, ದುಡ್ಡು ಕೊಡೋ ಮುಂಚೆ ಅಳೆದು ನೋಡಿ.

ಹಾಗಾಗಿ ಡ್ರಾಯಿಂಗ್ ಅಳತೆ ತಗೊಂಡು ಹೊಸ ಪ್ಯಾಟರ್ನ್ ಮಾಡಿಸೋದೇ ಸರಿ. ಥ್ರೀಡಿ ಪ್ರಿಂಟ್‌ನಲ್ಲೂ ಮಾಡಬಹುದು, ಪದರದ ಗೆರೆ ಹೋಗೋ ಹಾಗೆ ಪುಟ್ಟಿ ಹಚ್ಚಿ ತಿಕ್ಕಬೇಕು, ಮಣ್ಣಿನಿಂದ ಸಲೀಸಾಗಿ ಎದ್ದು ಬರೋ ಹಾಗೆ ಒಂದೆರಡು ಡಿಗ್ರಿ ಓರೆ ಕೊಡ್ಬೇಕು. ಕಡ್ಡಿ ಬಹಳ ಸಣ್ಣ ಇರೋದ್ರಿಂದ ಬೇಗ ಆರಿ ಬಿಳಿ ಬೀಡಾಗಿ ಗಟ್ಟಿ ಕಟ್ಟಿಬಿಡುತ್ತೆ, ಆಮೇಲೆ ಲೇತ್ ಟೂಲ್ ಉಳಿಯಲ್ಲ, ಅದಕ್ಕೆ ಸಿಲಿಕಾನ್ ಜಾಸ್ತಿ ಇರೋ ಮೆತ್ತನೆ ಗ್ರೇ ಐರನ್ ಹೊಯ್ದು ಮಣ್ಣಲ್ಲೇ ನಿಧಾನಕ್ಕೆ ಆರೋಕೆ ಬಿಡಿ.

ಹಕ್ಕಿನ ವಿಷಯ. ಬ್ರಿಟನ್ನಿನಲ್ಲಿ ಡಿಸೈನ್ ಮಾಡಿದವರು ತೀರಿಕೊಂಡ ಮೇಲೆ 70 ವರ್ಷ ಕಾಪಿರೈಟ್ ಇರುತ್ತೆ, ನಮ್ಮಲ್ಲಿ 60 ವರ್ಷ. 1947ರಲ್ಲಿ ತೀರಿಕೊಂಡ ಮಾಡೆಲ್ ಎಂಜಿನ್ ಡಿಸೈನರ್ ಹೆನ್ರಿ ಗ್ರೀನ್ಲಿ ಅವರ ಸ್ವಂತ ಡ್ರಾಯಿಂಗ್‌ಗಳ ಅವಧಿ ಎರಡೂ ಕಡೆ ಮುಗಿದಿದೆ. ಎಲ್‌ಬಿಎಸ್‌ಸಿ ಅವರದ್ದು ಬ್ರಿಟನ್ನಿನಲ್ಲಿ 2037ರ ಕೊನೆವರೆಗೂ, ನಮ್ಮಲ್ಲಿ 2027ರ ಕೊನೆವರೆಗೂ ಲೆಕ್ಕಕ್ಕೆ ಬರುತ್ತೆ. ಗಿರಾಕಿ ತನ್ನ ಒಂದು ಎಂಜಿನ್ನಿಗೆ ಆರು ಚಕ್ರ ಮಾಡಿಸ್ಕೊಳ್ಳೋದು ಬೇರೆ, ಅದನ್ನ ಸೆಟ್ ಮಾಡಿ ಹೆಸರು ಹಾಕಿ ಮಾರೋದು ಬೇರೆ, ಮಾರೋದಾದ್ರೆ ವಕೀಲರನ್ನ ಕೇಳಿ ಮುಂದುವರೀರಿ. ನನ್ನ ಅಭಿಪ್ರಾಯ ಕೇಳಿದ್ರೆ, ಆ ಡಿಸೈನಿನ ಅಸಲಿ ಕಾಸ್ಟಿಂಗ್ ಇವತ್ತಿಗೂ ಮಾರಾಟಕ್ಕೆ ಇದೆಯಾ ಅಂತ ಮೊದಲು ವಿಚಾರಿಸೋಕೆ ಹೇಳಿ. ಬ್ರಿಟನ್ನಿನಲ್ಲಿ ಹಳೇ ಪ್ಯಾಟರ್ನ್‌ಗಳನ್ನ ಉಳಿಸ್ಕೊಂಡು ಬಂದಿರೋ ಅಂಗಡಿ, ಸಂಘ ಇನ್ನೂ ಇವೆ, ಉದಾಹರಣೆಗೆ 2½ ಇಂಚ್ ಗೇಜಿನವರಿಗೇ ಅಂತ ಒಂದು ರಾಷ್ಟ್ರೀಯ ಸಂಘ ಇದೆ. ಅಂಗಡಿ ಮುಚ್ಚಿದ್ರೂ ಪ್ಯಾಟರ್ನ್ ಇನ್ನೊಬ್ಬರ ಕೈ ಸೇರಿರುತ್ತೆ, ಹೆಸರೂ ಬದಲಾಗಿರುತ್ತೆ, ಕೆನಿಯನ್ಸ್ ಹೋಗಿ ಜಿಎಲ್‌ಆರ್ ಕೆನಿಯನ್ಸ್ ಆದ ಹಾಗೆ. ಅವರ ಹತ್ರ ನಾಲ್ಕು ಜನ ಕೊಂಡ್ರೆ ಆ ಪ್ಯಾಟರ್ನ್ ಉಳಿಯುತ್ತೆ.

ಪ್ರಶ್ನೆ: ನಮ್ಮ ಪಾಲಿಟೆಕ್ನಿಕ್‌ನ ಹಳೇ ಲ್ಯಾಬಿನಲ್ಲಿ ಒಂದು ಪುಟ್ಟ ಸಿಲಿಂಡರು, ನೆಟ್ಟಗೆ ನಿಲ್ಲೋ ಕಂಬ, 3 ಇಂಚಿನ ದಪ್ಪ ಅಂಚಿನ ಚಕ್ರ ಸಿಕ್ಕಿದೆ. ರೈಲ್ ಎಂಜಿನ್ ಭಾಗಾನಾ? — ದಾವಣಗೆರೆ

ಉತ್ತರ: ಅಲ್ಲ. ಒಂದೇ ಚಕ್ರ, ಅದೂ ಹಳಿ ಮೇಲೆ ಕೂರೋ ಅಂಚು ಇಲ್ಲ ಅಂದ್ರೆ ಅದು ಫ್ಲೈವೀಲ್, ನಿಂತಲ್ಲೇ ಓಡೋ ಎಂಜಿನ್. ಹೆನ್ಲಿ ಆನ್ ಥೇಮ್ಸ್‌ನ ಸ್ಟುವರ್ಟ್ ಟರ್ನರ್ ಕಂಪನಿಯ 10ವಿ ಮಾಡೆಲ್ ಇರಬಹುದು, ಲೇತ್ ಕೆಲಸ ಕಲಿಸೋಕೆ ಹೇಳಿ ಮಾಡಿಸಿದಂಥದ್ದು. ಸಿಲಿಂಡರ್ ತೂತು ಮುಕ್ಕಾಲು ಇಂಚು, ಪಿಸ್ಟನ್ ಓಡಾಟವೂ ಮುಕ್ಕಾಲು ಇಂಚು ಬಂದ್ರೆ ಹೆಚ್ಚೂ ಕಡಿಮೆ ಅದೇ. ಇವತ್ತಿನ ವಿದ್ಯಾರ್ಥಿಗಳ ಕೈಗೆ ಕೊಡಿ, ಕಟ್ಟಲಿ.

ಪ್ರಶ್ನೆ: ಮಾಡೆಲ್ ಪ್ಲಾನ್ ಎಲ್ಲಾ ಇಂಗ್ಲೆಂಡಿನ ಎಂಜಿನ್‌ಗಳದ್ದೇ. ನಮ್ಮ ಕಡೆ ಓಡ್ತಿದ್ದ ಮೀಟರ್ ಗೇಜ್ ವೈಪಿ ಎಂಜಿನ್ ಕಟ್ಟೋ ಆಸೆ ಇದೆ, ಅಸಲಿ ಡ್ರಾಯಿಂಗ್ ಎಲ್ಲಿ ಹುಡುಕಲಿ? — ಅರಸೀಕೆರೆ

ಉತ್ತರ: ಬಹಳ ಒಳ್ಳೇ ಆಸೆ. ಮೊದಲು ನಿಮಗೆ ಬೇಕಾದ ಎಂಜಿನ್ ಯಾವ ಕಾರ್ಖಾನೆಯದ್ದು ಅಂತ ನೋಡಿ, ಒಂದೇ ವೈಪಿ ಕ್ಲಾಸನ್ನ ಹಲವರು ಕಟ್ಟಿದ್ದಾರೆ, ಸ್ಕಾಟ್ಲೆಂಡಿನ ನಾರ್ತ್ ಬ್ರಿಟಿಷ್ ಕೂಡ, ಜಮ್‌ಶೆಡ್‌ಪುರದ ಟೆಲ್ಕೊ ಕೂಡ. ಪಾರ್ಕಿನಲ್ಲೋ ಮ್ಯೂಸಿಯಂನಲ್ಲೋ ನಿಂತಿರೋ ಎಂಜಿನ್ನಿನ ಪಕ್ಕದ ಹಿತ್ತಾಳೆ ಫಲಕ ಓದಿ. ನಾರ್ತ್ ಬ್ರಿಟಿಷ್ 1903ರಲ್ಲಿ ಗ್ಲಾಸ್ಗೋದ ಮೂರು ಕಂಪನಿ ಸೇರಿ ಆಗಿದ್ದು, 1962ರಲ್ಲಿ ಮುಚ್ಚಿತು. ಅವರ ಹೈಡ್ ಪಾರ್ಕ್ ಶಾಖೆಯ ಫಲಕ ದುಂಡಗೆ, ಕ್ವೀನ್ಸ್ ಪಾರ್ಕ್ ಶಾಖೆಯದ್ದು ವಜ್ರದಾಕಾರ, ಫಲಕ ಕದ್ದು ಹೋಗಿದ್ರೂ ಮೊಳೆ ತೂತಿನ ಗುರುತು ನೋಡಿ ಆಕಾರ ಊಹಿಸಬಹುದು. ಅವರ ಡ್ರಾಯಿಂಗ್‌ಗಳು ಗ್ಲಾಸ್ಗೋ ವಿಶ್ವವಿದ್ಯಾಲಯದ ದಾಖಲೆ ವಿಭಾಗ, ಅದೇ ಊರಿನ ಮಿಚೆಲ್ ಲೈಬ್ರರಿ, ಯಾರ್ಕ್‌ನ ರಾಷ್ಟ್ರೀಯ ರೈಲ್ವೆ ಮ್ಯೂಸಿಯಂ, ಹೀಗೆ ಹಂಚಿ ಹೋಗಿವೆ. ಗ್ಯಾರಟ್ ಎಂಜಿನ್ ಕಟ್ಟಿದ ಬೇಯರ್ ಪೀಕಾಕ್ ಕಂಪನಿಯ ದಾಖಲೆ ಬೇಕಾದವರಿಗೆ ಮ್ಯಾಂಚೆಸ್ಟರಿನ ವಿಜ್ಞಾನ ಮತ್ತು ಕೈಗಾರಿಕಾ ಮ್ಯೂಸಿಯಂ ಇದೆ. ಪತ್ರ ಬರೆಯುವಾಗ ಫಲಕದ ನಂಬರು, ವರ್ಷ ಎರಡೂ ಕೊಡಿ, ಬರೀ ಕ್ಲಾಸ್ ಹೆಸರು ಕೊಟ್ರೆ ಹುಡುಕೋರಿಗೆ ಕಷ್ಟ.

ಸ್ಕೇಲಿನ ವಿಷಯದಲ್ಲಿ ಹುಷಾರು. ಇಂಗ್ಲೆಂಡಿನ 5 ಇಂಚ್ ಗೇಜ್ ಎಂಜಿನ್ ಸುಮಾರು ಹನ್ನೊಂದರಲ್ಲಿ ಒಂದು ಪಾಲು ಇರುತ್ತೆ, ಅದೇ ಹಳಿ ಮೇಲೆ ನಮ್ಮ ಮೀಟರ್ ಗೇಜ್ ಎಂಜಿನ್ ಇಟ್ರೆ 1000ವನ್ನ 127ರಿಂದ ಭಾಗಿಸಿ 7.87ರಲ್ಲಿ ಒಂದು ಪಾಲು ಆಗುತ್ತೆ. ವೈಪಿಯ ನಾಲ್ಕೂವರೆ ಅಡಿ ಚಕ್ರ 174 ಮಿ.ಮೀ. ಬರುತ್ತೆ, ಎಂಜಿನ್ ಭಾರಿ ದೊಡ್ಡದಾಗುತ್ತೆ, ಇಬ್ಬರು ಸೇರಿದ್ರೂ ಎತ್ತೋಕಾಗಲ್ಲ, ಸಣ್ಣ ಲೇತ್‌ನಲ್ಲಿ ಚಕ್ರ ಹಿಡಿಯೋದೂ ಇಲ್ಲ. 3½ ಇಂಚ್ ಗೇಜ್ ಆಯ್ಕೆ ಮಾಡ್ಕೊಂಡ್ರೆ 11.25ರಲ್ಲಿ ಒಂದು ಪಾಲು, ಅದೇ ಚಕ್ರ 122 ಮಿ.ಮೀ.ಗೆ ಇಳಿಯುತ್ತೆ. ಇಂಗ್ಲೆಂಡಿನ ಯಾವುದಾದ್ರೂ ಡಿಸೈನಿಗೆ ಮಾಡಿದ ರೆಡಿ ಚಕ್ರದ ಕಾಸ್ಟಿಂಗ್ ಈ ಸೈಜಿಗೆ ಹತ್ರ ಸಿಕ್ಕಿದ್ರೆ ಕಡ್ಡಿ ಎಷ್ಟು, ಕ್ರ್ಯಾಂಕ್ ಪಿನ್ ದೂರ ಎಷ್ಟು ಅಂತ ವೈಪಿ ಡ್ರಾಯಿಂಗ್ ಜೊತೆ ಹೋಲಿಸಿ ನೋಡಿ, ಹೊಂದಿದ್ರೆ ಪ್ಯಾಟರ್ನ್ ಖರ್ಚು ಉಳಿಯುತ್ತೆ, ಹೊಂದದೇ ಇದ್ರೆ ಮೇಲಿನ ಪತ್ರದ ಬೆಳಗಾವಿಯವರಂಥ ಫೌಂಡ್ರಿಗೆ ಹೊಸ ಪ್ಯಾಟರ್ನ್ ಕೊಟ್ಟು ಹೊಯ್ಸಿ.